280 ಯೆನ್ನಿನ ಬಟ್ಟಲು
ಟೋಕಿಯೊ ಊಟದ ಕತೆಗಳು, ಭಾಗ 3 🍚

ಎಕನಾಮಿಕ್ಸ್ ಕ್ಲಾಸಲ್ಲಿ "ಡಿಫ್ಲೇಷನ್ ಅಂದ್ರೆ ಬೆಲೆ ಇಳಿಯೋದು" ಅಂತ ಬರ್ಕೊಂಡು ಪುಟ ತಿರುಗಿಸಿಬಿಟ್ವಿ, ನೆನಪಿದೆಯಾ? ಬೆಲೆ ಇಳಿದ್ರೆ ಒಳ್ಳೇದೇ ಅಲ್ವಾ ಅಂತ ಹಿಂದಿನ ಬೆಂಚಿಂದ ಯಾರೋ ಕೇಳಿದ್ರು. ಅಷ್ಟರಲ್ಲಿ ಬೆಲ್ ಹೊಡೀತು. ಇವತ್ತು ಒಂದು ಬಟ್ಟಲು ಅನ್ನ ಮುಂದಿಟ್ಕೊಂಡು ಅದೇ ಪ್ರಶ್ನೆಗೆ ವಾಪಸ್ ಬರೋಣ.

ಬಟ್ಟಲಿನ ಹೆಸರು ಗ್ಯೂದೊನ್. ಬಿಸಿ ಅನ್ನ, ಅದರ ಮೇಲೆ ಸೋಯಾ ಸಾಸಿನ ಸಿಹಿ-ಉಪ್ಪು ರಸದಲ್ಲಿ ಈರುಳ್ಳಿ ಜೊತೆ ಬೇಯಿಸಿದ ತೆಳುವಾದ ಬೀಫ್. ಪಕ್ಕದಲ್ಲಿ ಕೆಂಪು ಶುಂಠಿ ಉಪ್ಪಿನಕಾಯಿ, ಎಷ್ಟು ಬೇಕಾದ್ರೂ ಹಾಕ್ಕೊಳ್ಳಿ, ದುಡ್ಡಿಲ್ಲ. ಕೂತ ಒಂದೆರಡು ನಿಮಿಷಕ್ಕೆ ಬರುತ್ತೆ, ಹತ್ತು ನಿಮಿಷಕ್ಕೆ ಎದ್ದು ಹೋಗಬಹುದು. ಜಪಾನಿನ ಆಫೀಸ್ ನೌಕರರ ಬಡಪಾಯಿ ಜೇಬಿನ ಊಟ ಅಂದ್ರೆ ಇದೇ.

ಬೀಫ್ ಅಂದ ತಕ್ಷಣ ಕೆಲವರು ಮುಖ ಸಿಂಡರಿಸಿರ್ತೀರಿ, ಗೊತ್ತು. ಜಪಾನಿಗೂ ಅದು ಹೊಸದೇ. 675ರಲ್ಲಿ ತೆನ್ಮು ಚಕ್ರವರ್ತಿ ಬೇಸಾಯದ ತಿಂಗಳುಗಳಲ್ಲಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನಬಾರದು ಅಂತ ಆಜ್ಞೆ ಮಾಡಿದ್ದ. ಆಮೇಲೆ ನೂರಾರು ವರ್ಷ ಬಹಳಷ್ಟು ಜನ ದನದ ಮಾಂಸದಿಂದ ದೂರಾನೇ ಇದ್ರು. 1872ರಲ್ಲಿ ಮೇಜಿ ಚಕ್ರವರ್ತಿ ತಾನೇ ಬೀಫ್ ತಿಂದ ಸುದ್ದಿ ಹೊರಬಿದ್ದ ಮೇಲೆ ಅದು 'ಆಧುನಿಕ' ಊಟ ಆಯ್ತು.

1899ರಲ್ಲಿ ಮತ್ಸುದಾ ಏಕಿಚಿ ಅನ್ನೋರು ಟೋಕಿಯೊದ ನಿಹೊನ್‌ಬಾಶಿ ಮೀನು ಮಾರ್ಕೆಟ್‌ನಲ್ಲಿ ಒಂದು ಪುಟ್ಟ ಅಂಗಡಿ ಹಾಕಿದ್ರು. ಹೆಸರು ಯೋಶಿನೋಯಾ. ಗಿರಾಕಿಗಳೆಲ್ಲ ಮೀನು ಮಾರ್ಕೆಟ್‌ನವರು, ಒಂದು ನಿಮಿಷಾನೂ ಪುರುಸೊತ್ತಿಲ್ಲದ ಜನ. 1923ರ ಭೂಕಂಪದಲ್ಲಿ ಊರೇ ಸುಟ್ಟುಹೋದ ಮೇಲೆ ಮಾರ್ಕೆಟ್ ತ್ಸುಕಿಜಿಗೆ ಹೋಯ್ತು, ಅಂಗಡೀನೂ ಹಿಂದೇನೇ ಹೋಯ್ತು.

ನನಗೆ ಅಪ್ಪನಿಗಿಂತ ಮಗ ಮಿಜುಹೊ ಮೇಲೇ ಕುತೂಹಲ ಜಾಸ್ತಿ. 1958ರಲ್ಲಿ ಅಂಗಡೀನ ಕಂಪನಿ ಮಾಡಿ ಆತ ಇಟ್ಕೊಂಡ ಗುರಿ ಕೇಳಿ: ಹದಿನೈದು ಸೀಟಿನ ಆ ಒಂದೇ ಅಂಗಡಿಯಿಂದ ವರ್ಷಕ್ಕೆ 10 ಕೋಟಿ ಯೆನ್ ವ್ಯಾಪಾರ! ಅಂದ್ರೆ ದಿನಕ್ಕೆ ಸಾವಿರದಷ್ಟು ಜನ ಬರಬೇಕು. ಹೇಗೆ? ಬಟ್ಟಲಲ್ಲಿದ್ದ ತೋಫು, ಬಿದಿರು ಕಳಲೆ ಎಲ್ಲ ತೆಗೆದುಹಾಕಿದ. ಬೀಫ್, ಈರುಳ್ಳಿ, ಅನ್ನ ಅಷ್ಟೇ. ಬಡಿಸೋಕೂ ತಿನ್ನೋಕೂ ಹೊತ್ತು ಹಿಡೀಬಾರದು. 1968ರಲ್ಲಿ ಎರಡನೇ ಅಂಗಡಿ ಶಿಂಬಾಶಿಯಲ್ಲಿ ತೆರೆದ. ಸೂಟು-ಟೈ ಹಾಕಿದ ನೌಕರರು ತುಂಬಿ ತುಳುಕೋ ಏರಿಯಾ ಅದು. ಮೀನು ಮಾರ್ಕೆಟ್‌ನ ಊಟ ಆಫೀಸಿನವರ ಕೈಗೆ ಬಂದಿದ್ದು ಹೀಗೆ.

ಆಮೇಲೆ ಓಡಿದ ಸ್ಪೀಡಿಗೆ ಮುಗ್ಗರಿಸಿ ಬಿದ್ದೂಬಿಟ್ರು. ಹತ್ತೇ ವರ್ಷದಲ್ಲಿ 200 ಅಂಗಡಿ! ಖರ್ಚು ಉಳಿಸೋಕೆ ಒಣಗಿಸಿದ ಬೀಫು, ಪುಡಿ ಸಾಸು ಬಳಸಿದ್ರು. ರುಚಿ ಕೆಡ್ತು, ಗಿರಾಕಿ ಕಾಲ್ಕಿತ್ರು, 1980ರಲ್ಲಿ ಕಂಪನಿ ದಿವಾಳಿ. ನಿಧಾನಕ್ಕೆ ಎದ್ದು ನಿಂತಿದ್ದೂ ಹೌದು. ಪಾರ್ಟ್ ಟೈಮ್ ಹುಡುಗನಾಗಿ ಸೇರಿದ್ದ ಅಬೆ ಶೂಜಿ 1992ರಲ್ಲಿ ಅದೇ ಕಂಪನಿಯ ಅಧ್ಯಕ್ಷ ಆದ್ರು.

ಅಷ್ಟೊತ್ತಿಗೆ ದೇಶದ್ದೇ ಗುಳ್ಳೆ ಒಡೆದಿತ್ತು. 90ರ ದಶಕದಲ್ಲಿ ಜಾಗದ ಬೆಲೆ, ಷೇರು ಬೆಲೆ ನೆಲ ಕಚ್ಚಿ, ಸಂಬಳ ಇದ್ದಲ್ಲೇ ನಿಂತುಬಿಡ್ತು. ಅಲ್ಲಿ ಎಷ್ಟೋ ಮನೆಗಳಲ್ಲಿ ಗಂಡ ಸಂಬಳ ಪೂರ್ತಿ ಹೆಂಡತಿ ಕೈಗೆ ಕೊಟ್ಟು, ತಿಂಗಳಿಗಿಷ್ಟು ಅಂತ ಪಾಕೆಟ್ ಮನಿ ಇಸ್ಕೊಳ್ಳೋದು ರೂಢಿ. ಸಂಬಳ ಏರದಿದ್ರೆ ಮೊದಲು ಕತ್ತರಿ ಬೀಳೋದೇ ಆ ಪಾಕೆಟ್ ಮನಿಗೆ, ಅಂದ್ರೆ ಮಧ್ಯಾಹ್ನದ ಊಟಕ್ಕೆ. ಹೋಟೆಲಿನವರು ಅವರ ಹಿಂದೆ ಬಿದ್ರು. 500 ಯೆನ್ ನಾಣ್ಯ ಒಂದಿದ್ರೆ ಸಾಕು, 'ವನ್ ಕಾಯಿನ್' ಊಟ ಅಂದ್ರು. 2000ದಲ್ಲಿ ಮೆಕ್‌ಡೊನಾಲ್ಡ್ಸ್ 130 ಯೆನ್ ಬರ್ಗರನ್ನ ವಾರದ ದಿನಗಳಲ್ಲಿ 65ಕ್ಕೆ ಇಳಿಸ್ತು. 2001ರಲ್ಲಿ ಯೋಶಿನೋಯಾ 400 ಯೆನ್ ಬಟ್ಟಲನ್ನ 280 ಮಾಡ್ತು.

ಅದರ ಘೋಷಣೆ ನೋಡಿ, ಇತಿಹಾಸ ಅಲ್ಲೇ ಇದೆ. ಮೊದಲು "ಬೇಗ, ರುಚಿ, ಅಗ್ಗ" ಅಂತಿತ್ತು. ಆಮೇಲೆ "ರುಚಿ, ಅಗ್ಗ, ಬೇಗ" ಆಯ್ತು. ದಿವಾಳಿ ಆದ ಮೇಲೆ ರುಚಿ ಮುಂದಕ್ಕೆ ಬಂತು, ಜನರ ಜೇಬು ಖಾಲಿಯಾದಾಗ ಅಗ್ಗ ಬೇಗವನ್ನ ಹಿಂದಿಕ್ತು. (ಇದು ನನ್ನ ಓದು, ಪರೀಕ್ಷೇಲಿ ಬರೀಬೇಡಿ.)

ಈ ಬಟ್ಟಲು ಎಷ್ಟು ಹಚ್ಕೊಂಡಿತ್ತು ಅಂತ ಗೊತ್ತಾಗಿದ್ದು ಇಲ್ಲದಾಗ. 2003ರ ಡಿಸೆಂಬರಲ್ಲಿ ಅಮೆರಿಕದಲ್ಲಿ ಹುಚ್ಚು ಹಸು ರೋಗ ಕಾಣಿಸ್ಕೊಂಡು ಜಪಾನ್ ಅಲ್ಲಿನ ಬೀಫ್ ನಿಲ್ಲಿಸ್ತು. 2004ರ ಫೆಬ್ರವರಿ 11ಕ್ಕೆ ಯೋಶಿನೋಯಾದಲ್ಲಿ ಗ್ಯೂದೊನ್ ಬಂದ್. ಕೊನೇ ಬಟ್ಟಲಿಗೆ ಕ್ಯೂ ನಿಂತಿದ್ದನ್ನ ಟಿವಿಯವರು ತೋರಿಸಿದ್ರು. ಎದುರಾಳಿ ಸುಕಿಯಾ ಅದೇ ವರ್ಷ ಆಸ್ಟ್ರೇಲಿಯಾದ ಬೀಫ್ ತರಿಸ್ಕೊಂಡು ಮತ್ತೆ ಶುರು ಮಾಡ್ತು. ಯೋಶಿನೋಯಾ ಮಾತ್ರ, ಕಾಳು ತಿಂದು ಕೊಬ್ಬಿದ ಅಮೆರಿಕದ ದನದ ರುಚಿ ಇದಕ್ಕಿಲ್ಲ ಅಂತ ಹಠ ಹಿಡಿದು ಹಂದಿ ಮಾಂಸದ ಬಟ್ಟಲು ಮಾರ್ತಾ ಕಾಯ್ತು. ಗ್ಯೂದೊನ್ ಮತ್ತೆ ಮೆನುಗೆ ಕಾಲಿಟ್ಟಿದ್ದು 2006ರ ಸೆಪ್ಟೆಂಬರ್ 18ಕ್ಕೆ, ಅದೂ ಮೊದಲು ಒಂದೇ ದಿನಕ್ಕೆ.

ಈಗ ಹಿಂದಿನ ಬೆಂಚಿನ ಪ್ರಶ್ನೆ. ಬಟ್ಟಲು ಅಗ್ಗ ಆದಾಗ ಆ ದುಡ್ಡು ಎಲ್ಲಿಂದ ಉಳೀತು? ಒಂದಷ್ಟು ಅಡುಗೆಮನೇಲಿದ್ದವರಿಂದ. ಸುಕಿಯಾದಲ್ಲಿ ರಾತ್ರಿ ಪಾಳಿಗೆ ಒಬ್ಬರೇ: ಆರ್ಡರ್ ತಗೊಳ್ಳೋದು, ಬಡಿಸೋದು, ತೊಳೆಯೋದು, ಗಲ್ಲಾ ನೋಡೋದು ಎಲ್ಲಾ. 2014ರಲ್ಲಿ ಆಳು ಸಿಗದೇ ಎಷ್ಟೋ ಅಂಗಡಿಗಳಿಗೆ ಬೀಗ ಬಿತ್ತು. ಕಂಪನಿಯೇ ನೇಮಿಸಿದ ಸ್ವತಂತ್ರ ಸಮಿತಿ ಕೆಲಸದ ಹೊರೆ ಬಗ್ಗೆ ಕಟುವಾದ ವರದಿ ಕೊಡ್ತು. ಆ ಅಕ್ಟೋಬರಿಂದ ರಾತ್ರಿ ಒಬ್ಬರನ್ನೇ ಬಿಡೋದು ನಿಂತಿತು. ಅಂದ್ರೆ ಮಧ್ಯಾಹ್ನ ಅಗ್ಗದ ಬಟ್ಟಲು ತಿಂದ ನೌಕರನ ಸಂಬಳಾನೂ ಏರಲಿಲ್ಲ, ರಾತ್ರಿ ಅದನ್ನ ತೊಳೆದವರದ್ದೂ ಏರಲಿಲ್ಲ.

2021ರಲ್ಲಿ ಯೋಶಿನೋಯಾ ಬಟ್ಟಲು 426 ಯೆನ್ ಆಯ್ತು. ಬೆಲೆ ಏರಿತು ಅಂತ ಅದೇ ದೊಡ್ಡ ಸುದ್ದಿ. ಇಪ್ಪತ್ತು ವರ್ಷದ ಹಿಂದಿನ 400ಕ್ಕಿಂತ ಜಾಸ್ತಿಯಾಗಿದ್ದು ಬರೀ 26.

ಮುಂದಿನ ಭಾಗ: ರೈಲ್ವೆ ಪ್ಲಾಟ್‌ಫಾರ್ಮಲ್ಲಿ ನಿಂತು ಹೀರೋ ಸೋಬಾ.

#ಊಟದಇತಿಹಾಸ #ಗ್ಯೂದೊನ್