ಬ್ಯಾಟರಿಯ ಹೊಣೆ: ವಿದ್ಯುತ್ ಕಾರು, ನ್ಯೂಯಾರ್ಕಿನಿಂದ ಬೆಂಗಳೂರಿನವರೆಗೆ

ಪೆಟ್ರೋಲ್ ಕಾರಿನ ಸ್ಥಾನವನ್ನು ವಿದ್ಯುತ್ ಕಾರು ತುಂಬಬಲ್ಲುದೇ ಎಂಬ ಪ್ರಶ್ನೆಯನ್ನು ಎತ್ತುವವರು ಸಾಮಾನ್ಯವಾಗಿ ವಿದ್ಯುತ್ ಕಾರನ್ನು ಈಚೆಗೆ ಕಣಕ್ಕಿಳಿದ ಸ್ಪರ್ಧಿಯೆಂದು ಭಾವಿಸುತ್ತಾರೆ. ಆದರೆ ಅಮೆರಿಕದಲ್ಲಿ 1900ರಲ್ಲಿ ತಯಾರಾದ 4,192 ಮೋಟಾರು ಗಾಡಿಗಳ ಪೈಕಿ 1,681 ಉಗಿಯಿಂದಲೂ 1,575 ವಿದ್ಯುತ್ತಿನಿಂದಲೂ ಓಡುವಂಥವಾಗಿದ್ದು, ಪೆಟ್ರೋಲಿನವು 936 ಮಾತ್ರ ಇದ್ದವು. ಅದರ ಹಿಂದಿನ ವರ್ಷ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಪ್ಯಾರಿಸ್ ಬಳಿಯ ಅಶೇರ್ ಎಂಬಲ್ಲಿ, ರಸ್ತೆಯ ಮೇಲೆ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊತ್ತಮೊದಲು ದಾಟಿದ್ದೂ ವಿದ್ಯುತ್ ಗಾಡಿಯಲ್ಲಿಯೇ. ಆದುದರಿಂದ ಇತಿಹಾಸವನ್ನು ಬಲ್ಲವರು ಮೊದಲು ಕೇಳಬೇಕಾದದ್ದು, ಹೀಗೆ ಮುಂದಿದ್ದ ಗಾಡಿ ಕೆಲವೇ ದಶಕಗಳಲ್ಲಿ ಬೀದಿಯಿಂದ ಮರೆಯಾದದ್ದು ಏಕೆ ಎಂಬುದನ್ನು.

ಇದಕ್ಕೆ ಪಠ್ಯಪುಸ್ತಕಗಳು ಕೊಡುವ ಕಾರಣಗಳು ಸುಪರಿಚಿತವಾಗಿವೆ: 1901ರಲ್ಲಿ ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ತೈಲ ಚಿಮ್ಮಿತು, 1908ರಲ್ಲಿ 850 ಡಾಲರಿಗೆ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1916ರ ಹೊತ್ತಿಗೆ 400 ಡಾಲರಿಗಿಂತ ಅಗ್ಗವಾಯಿತು, ಚಾರ್ಲ್ಸ್ ಕೆಟರಿಂಗ್ ರೂಪಿಸಿದ, 1912ರ ಕಾರುಗಳಲ್ಲಿ ಬಂದ ಸ್ವಯಂಚಾಲಕ, ಅಂದರೆ ಕೈಯಿಂದ ಹಿಡಿ ತಿರುಗಿಸದೆ ಎಂಜಿನ್ನನ್ನು ಚಾಲೂ ಮಾಡುವ ಪುಟ್ಟ ವಿದ್ಯುತ್ ಮೋಟಾರು, ಪೆಟ್ರೋಲ್ ಕಾರಿನ ದೊಡ್ಡ ತೊಡಕೊಂದನ್ನು ನಿವಾರಿಸಿತು. ಇವೆಲ್ಲ ನಿಜವೇ ಆದರೂ, ಮಾಡೆಲ್ ಟಿ ಮತ್ತು ಸ್ವಯಂಚಾಲಕ ಬರುವ ಮೊದಲೇ ವಿದ್ಯುತ್ ಗಾಡಿಯ ಮೊದಲ ದೊಡ್ಡ ಉದ್ಯಮ ನೆಲಕಚ್ಚಿತ್ತೆಂಬುದನ್ನು ಈ ವಿವರಣೆ ಮರೆಮಾಚುತ್ತದೆ.

ಆ ಉದ್ಯಮವನ್ನು ಅರಿಯಲು ಅಂದಿನ ಬ್ಯಾಟರಿಯ ಸ್ವಭಾವವನ್ನು ತಿಳಿಯುವುದು ಅಗತ್ಯ. ಫ್ರಾನ್ಸಿನ ಗಾಸ್ತೋ ಪ್ಲಾಂತೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯಲ್ಲಿ ಸೀಸದ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ತು ಹರಿದಂತೆಲ್ಲ ಫಲಕಗಳ ಮೇಲಿನ ವಸ್ತು ರಾಸಾಯನಿಕವಾಗಿ ಬದಲಾಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಮೊದಲಿನ ಸ್ಥಿತಿಗೆ ಮರಳುತ್ತದೆ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12,000 ವ್ಯಾಟ್-ಗಂಟೆಗಳಷ್ಟು ಶಕ್ತಿಯಿದ್ದರೆ, ಒಂದು ಕಿಲೋ ಸೀಸದ ಬ್ಯಾಟರಿಯಲ್ಲಿ ಇಂದಿಗೂ 30ರಿಂದ 40 ವ್ಯಾಟ್-ಗಂಟೆಗಳಷ್ಟೇ ಹಿಡಿಯುತ್ತವೆ. ಎಂಜಿನ್ ತನಗೆ ದೊರೆತ ಶಕ್ತಿಯ ಬಹುಪಾಲನ್ನು ಶಾಖವಾಗಿ ಕಳೆಯುತ್ತದೆ, ಮೋಟಾರು ಹಾಗೆ ಮಾಡುವುದಿಲ್ಲ ಎಂಬ ಲೆಕ್ಕವನ್ನು ಸೇರಿಸಿಕೊಂಡರೂ ಈ ಅಂತರ ತುಂಬುವಂಥದ್ದಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಪೂರ್ತಿ ಬರಿದಾಗುವವರೆಗೆ ಬಳಸಿದರೆ ಅಥವಾ ಕುಲುಕಾಟಕ್ಕೆ ಒಡ್ಡಿದರೆ ಈ ಬ್ಯಾಟರಿ ಬೇಗ ಸಾಯುತ್ತದೆ. ಹಾಲು ಕರೆಯುವ ಹಸುವಿನಂತೆ ಅದಕ್ಕೆ ದಿನವೂ ಆರೈಕೆ ಬೇಕು.

ಫಿಲಡೆಲ್ಫಿಯಾದ ಎಂಜಿನಿಯರ್ ಹೆನ್ರಿ ಮಾರಿಸ್ ಮತ್ತು ರಸಾಯನಶಾಸ್ತ್ರಜ್ಞ ಪೆಡ್ರೊ ಸಾಲಮ್ ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು. 1897ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಹತ್ತಾರು ವಿದ್ಯುತ್ ಗಾಡಿಗಳನ್ನು ಇಳಿಸಿದಾಗ ಅವನ್ನು ಮಾರಾಟಕ್ಕಿಡದೆ ಬಾಡಿಗೆಗೆ ಮಾತ್ರ ಓಡಿಸಿದರು. ಗಾಡಿಯೂ ಬ್ಯಾಟರಿಯೂ ಕಂಪನಿಯವೇ ಆಗಿದ್ದವು, ಪ್ರಯಾಣಿಕರು ಸವಾರಿಗೆ ಹಣ ತೆತ್ತರೆ ಸಾಕಿತ್ತು. ಮುಂದೆ ಬ್ರಾಡ್‌ವೇಯಲ್ಲಿ ತೆರೆದ ಕೇಂದ್ರದಲ್ಲಿ, ಬರಿದಾದ ಗಾಡಿ ಒಳಬಂದೊಡನೆ ಅರ್ಧ ಟನ್ನಿನಷ್ಟು ತೂಗುವ ಬ್ಯಾಟರಿಯ ತೊಟ್ಟಿಯನ್ನು ಯಂತ್ರದ ಸಹಾಯದಿಂದ ಹೊರಗೆಳೆದು, ತುಂಬಿದ ಇನ್ನೊಂದನ್ನು ಕೆಲವೇ ನಿಮಿಷಗಳಲ್ಲಿ ಅದರ ಜಾಗಕ್ಕೆ ತಳ್ಳುತ್ತಿದ್ದರು. ಬ್ಯಾಟರಿಯನ್ನು ಬಲ್ಲವರ ಕೈಯಲ್ಲಿ ಬಿಟ್ಟ ಈ ಏರ್ಪಾಡು ತನ್ನ ಕಾಲಕ್ಕಿಂತ ಬಹಳ ಮುಂದಿತ್ತೆಂದು ಹೇಳಲು ಯಾವ ಸಂಕೋಚವೂ ಬೇಕಿಲ್ಲ.

ಅದನ್ನು ಕೆಡಿಸಿದ್ದು ಅವಸರ. 1899ರಲ್ಲಿ ಟ್ರಾಮ್ ಉದ್ಯಮದ ದೊಡ್ಡ ಬಂಡವಾಳಗಾರರು ಎಲೆಕ್ಟ್ರಿಕ್ ವೆಹಿಕಲ್ ಕಂಪನಿಯ ಹೆಸರಿನಲ್ಲಿದ್ದ ಈ ಉದ್ಯಮವನ್ನು ವಶಕ್ಕೆ ತೆಗೆದುಕೊಂಡು, ಹಲವು ನಗರಗಳಿಗೆ ಸಾವಿರಾರು ಗಾಡಿಗಳ ಯೋಜನೆ ಹಾಕಿದರು. ಆದರೆ ನುರಿತ ಕೆಲಸಗಾರರು ಅಷ್ಟು ಬೇಗ ಸಿದ್ಧರಾಗುವಂತಿರಲಿಲ್ಲ, ಬ್ಯಾಟರಿಗಳು ಹಾಳಾದವು, ಹಣಕಾಸಿನ ಹಗರಣವೂ ಬೆನ್ನು ಹತ್ತಿತು. ಅದೇ ಕಂಪನಿ ಪೆಟ್ರೋಲ್ ಕಾರಿಗೆ ಸಂಬಂಧಿಸಿದ ಸೆಲ್ಡನ್ ಪೇಟೆಂಟಿನ, ಅಂದರೆ ಆವಿಷ್ಕಾರದ ಮೇಲಿನ ಕಾನೂನುಬದ್ಧ ಏಕಸ್ವಾಮ್ಯದ, ಹಕ್ಕನ್ನು ಕೊಂಡು, ಕೊನೆಗೆ ಪೆಟ್ರೋಲ್ ಕಾರು ತಯಾರಕರಿಂದ ಬರುವ ರಾಯಧನವನ್ನೇ ನೆಚ್ಚಿಕೊಂಡು, 1907ರಲ್ಲಿ ದಿವಾಳಿಯಾಯಿತು. ವಿದ್ಯುತ್ ಗಾಡಿಯೆಂದರೆ ನಂಬಲಾಗದ್ದು ಎಂಬ ಮಾತು ಬಂಡವಾಳದ ಲೋಕದಲ್ಲಿ ಉಳಿದುಕೊಂಡಿತು.

ಕೈಗೂಡಿದ ನಿದರ್ಶನವೂ ಇಲ್ಲದಿಲ್ಲ. ಕನೆಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪನಿ 1912ರ ಸುಮಾರಿನಿಂದ 1924ರವರೆಗೆ, ಬ್ಯಾಟರಿಯಿಲ್ಲದೆ ಕೊಂಡ ವಿದ್ಯುತ್ ಲಾರಿಗಳಿಗೆ ತನ್ನದೇ ಬ್ಯಾಟರಿಗಳನ್ನು ಒದಗಿಸಿ, ಮಾಸಿಕ ಶುಲ್ಕದ ಜೊತೆಗೆ ಓಡಿದ ಮೈಲಿಗಿಷ್ಟೆಂದು ದರ ವಸೂಲು ಮಾಡಿತು. ಆ ಗಾಡಿಗಳು ಒಟ್ಟು 60 ಲಕ್ಷ ಮೈಲಿಗಳಿಗೂ ಹೆಚ್ಚು ದೂರ ಓಡಿದವು. ಮೋಟಾರಿಗೆ ಸಾಮರ್ಥ್ಯದ ಕೊರತೆ ಇರಲಿಲ್ಲ. ಬ್ಯಾಟರಿಯ ಖರ್ಚನ್ನೂ ಆರೈಕೆಯನ್ನೂ ಹೊರುವವರು ಯಾರೆಂಬುದು ಇತ್ಯರ್ಥವಾದ ಕಡೆ ವಿದ್ಯುತ್ ಗಾಡಿ ಬದುಕಿತು, ಆಗದ ಕಡೆ ಅಳಿಯಿತು.

ಶಿವನಸಮುದ್ರದ ಜಲವಿದ್ಯುತ್ತಿನಿಂದ 1905ರಲ್ಲಿಯೇ ಬೀದಿ ದೀಪ ಕಂಡ ಬೆಂಗಳೂರಿನಲ್ಲಿ ಈ ಪ್ರಶ್ನೆ ಮತ್ತೆ ಎದ್ದದ್ದು ಸುಮಾರು ಒಂದು ಶತಮಾನದ ನಂತರ. ವಿದ್ಯಾರ್ಥಿಯಾಗಿದ್ದಾಗ ಮಿಷಿಗನ್ ವಿಶ್ವವಿದ್ಯಾಲಯದ ಸೌರ ಕಾರಿನ ತಂಡದಲ್ಲಿದ್ದ ಚೇತನ್ ಮೈನಿ ಅವರ ನೇತೃತ್ವದಲ್ಲಿ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ 2001ರಲ್ಲಿ ಮಾರುಕಟ್ಟೆಗೆ ಬಂತು. ಇಬ್ಬರು ದೊಡ್ಡವರೂ ಇಬ್ಬರು ಮಕ್ಕಳೂ ಕೂರಬಹುದಾದ ಈ ಪುಟ್ಟ ಕಾರಿನ ಸೀಟಿನಡಿ ಇದ್ದದ್ದು ಪ್ಲಾಂತೆಯ ಸೀಸ-ಆಮ್ಲ ಬ್ಯಾಟರಿಯ ವಂಶದ್ದೇ: ತಲಾ ಆರು ವೋಲ್ಟಿನ ಎಂಟು ಬ್ಯಾಟರಿಗಳು, ಒಂದು ಚಾರ್ಜಿಗೆ 80 ಕಿಲೋಮೀಟರ್ ಆಸುಪಾಸಿನ ಓಟ. ಮನೆಯ ಪ್ಲಗ್ಗಿನಿಂದಲೇ ಚಾರ್ಜ್ ಆಗುತ್ತಿದ್ದ ಕಾರಿಗೆ ಬಟ್ಟಿ ಇಳಿಸಿದ ನೀರು ಹಾಕಿಸುವ, ಕೆಲವು ವರ್ಷಗಳಿಗೊಮ್ಮೆ ಹೊಸ ಬ್ಯಾಟರಿ ಕೊಳ್ಳುವ ಹೊರೆ ಮಾಲೀಕರ ತಲೆಯ ಮೇಲೆಯೇ ಇತ್ತು. ವಿದ್ಯುತ್ ಕಾರುಗಳಿಗೆ ನಗರಪ್ರವೇಶದ ಸುಂಕದಿಂದ ವಿನಾಯಿತಿಯಿದ್ದ ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ ಹೆಚ್ಚು ಪ್ರಸಿದ್ಧವಾದದ್ದು ಆಕಸ್ಮಿಕವಲ್ಲ. ಅಂಥ ಆಸರೆ ಆಗ ಬೆಂಗಳೂರಿನಲ್ಲಿ ಇರಲಿಲ್ಲ. 2009ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯ ರೇವಾ ಬಂತು, 2010ರಲ್ಲಿ ಕಂಪನಿಯ ಬಹುಪಾಲು ಒಡೆತನ ಮಹೀಂದ್ರಾ ಸಂಸ್ಥೆಗೆ ಸೇರಿತು.

ತೂಕದಲ್ಲಿ ಹಗುರವಾಗಿ ಸೀಸಕ್ಕಿಂತ ಹಲವು ಪಟ್ಟು ಶಕ್ತಿ ಹಿಡಿಯುವ ಲಿಥಿಯಂ ಬ್ಯಾಟರಿ ಓಟದ ಮಿತಿಯನ್ನು ಬಹುಮಟ್ಟಿಗೆ ನೀಗಿಸಿದೆ. ಆದರೂ ಇಡೀ ಗಾಡಿಯ ಬೆಲೆಯಲ್ಲಿ ಬ್ಯಾಟರಿಯದೇ ದೊಡ್ಡ ಪಾಲಾಗಿರುವುದರಿಂದ ಹೊಣೆಯ ಪ್ರಶ್ನೆ ಉಳಿದಿದೆ. ರೇವಾದ ನಂತರ ಚೇತನ್ ಮೈನಿ 2017ರಲ್ಲಿ ಪಾಲುದಾರರಾಗಿ ಕಟ್ಟಿದ ಸನ್ ಮೊಬಿಲಿಟಿ ಸಂಸ್ಥೆ ಕಾರನ್ನು ತಯಾರಿಸುವುದಿಲ್ಲ. ಆಟೋ ಮತ್ತು ಬೈಕುಗಳ ಬರಿದಾದ ಬ್ಯಾಟರಿಯನ್ನು ಪಡೆದು ತುಂಬಿದ ಬ್ಯಾಟರಿಯನ್ನು ಕೊಡುವುದು ಅದರ ವ್ಯವಹಾರ. ಬ್ಯಾಟರಿ ಸಂಸ್ಥೆಯದು, ಚಾಲಕರು ತೆರುವುದು ಅದರ ಬಳಕೆಯ ಶುಲ್ಕವನ್ನು, ಮತ್ತು ಬದಲಾವಣೆಗೆ ಹಿಡಿಯುವ ಸಮಯ, ಬ್ರಾಡ್‌ವೇಯಲ್ಲಿ ಹಿಡಿಯುತ್ತಿದ್ದಂತೆ, ಕೆಲವೇ ನಿಮಿಷ.