ಕಾಶಿಯ ಬಳಿ ಬಿದ್ದ ಉಲ್ಕೆ

ಉಲ್ಕೆಯೆಂಬ ಶಬ್ದ ನಮ್ಮ ವಾಙ್ಮಯಕ್ಕೆ ಹೊಸದಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟು ಐದು ಭೇದಗಳನ್ನು ವಿವರಿಸಿದ್ದಾನೆ. ಸ್ವರ್ಗದಲ್ಲಿ ಪುಣ್ಯಫಲವನ್ನುಂಡು ಕೆಳಗಿಳಿಯುವವರ ರೂಪವೇ ಉಲ್ಕೆಯೆಂಬುದು ಅವನು ಹೇಳುವ ಮಾತು. ಯುರೋಪಿನ ಪಂಡಿತರಾದರೋ ಹದಿನೆಂಟನೆಯ ಶತಮಾನದಲ್ಲಿ ಆಕಾಶದಿಂದ ಕಲ್ಲು ಬೀಳುತ್ತದೆಂಬುದನ್ನು ಬಹುಮಟ್ಟಿಗೆ ಹಳ್ಳಿಗರ ಭ್ರಮೆಯೆಂದೇ ತಳ್ಳಿಹಾಕುತ್ತಿದ್ದರು. ಜರ್ಮನಿಯ ಕ್ಲಾಡ್ನಿ 1794ರಲ್ಲಿ ಅದನ್ನು ಸಮರ್ಥಿಸಿ ಗ್ರಂಥ ಬರೆದಾಗಲೂ ಒಪ್ಪಿದವರು ವಿರಳ. ಈ ಅಪನಂಬಿಕೆಯನ್ನು ಸಡಿಲಿಸಿದ ಸಾಕ್ಷ್ಯಗಳಲ್ಲಿ ಒಂದು ನಮ್ಮ ಕಾಶಿಯ ಆಸುಪಾಸಿನದು.

1798ನೆಯ ಇಸವಿ ಡಿಸೆಂಬರ್ 19, ರಾತ್ರಿ ಸುಮಾರು ಎಂಟು ಗಂಟೆ. ಹಲವು ದಿನಗಳಿಂದ ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ಆಗ ದೊಡ್ಡದೊಂದು ಬೆಂಕಿಯ ಉಂಡೆ ಕಾಣಿಸಿಕೊಂಡು, ಗುಡುಗಿನಂತಹ ಸದ್ದು ಕೇಳಿಬಂದಿತು. ನಗರದಿಂದ 14 ಮೈಲಿ ದೂರದಲ್ಲಿ, ಗೋಮತೀ ನದಿಯ ಉತ್ತರಕ್ಕಿರುವ ಕ್ರಾಖುತ್ ಗ್ರಾಮದ ಬಳಿ ಕಲ್ಲುಗಳು ಬಿದ್ದವೆಂಬ ಸುದ್ದಿ ಹಬ್ಬಿತು.

ಕಾಶಿಯ ನ್ಯಾಯಾಧೀಶ ಸ್ಯಾಮ್ಯುಯೆಲ್ ಡೇವಿಸ್ ಈ ಸುದ್ದಿಯನ್ನು ಕೇಳಿ ನಕ್ಕುಬಿಡಲಿಲ್ಲ. (ಸೂರ್ಯಸಿದ್ಧಾಂತವನ್ನು ಅಭ್ಯಸಿಸಿ ಹಿಂದೂ ಜ್ಯೋತಿರ್ಗಣಿತವನ್ನು ಕುರಿತು ಬರೆದಿದ್ದ ಡೇವಿಸ್ ಈತನೇ.) ವಿಚಾರಣೆಗಾಗಿ ತಿಳಿವಳಿಕೆಯುಳ್ಳ ಒಬ್ಬನನ್ನು ಕಳುಹಿಸಿದನು. ಊರವರು ಕಲ್ಲುಗಳನ್ನು ಒಡೆದುಹಾಕಿದ್ದರು, ಇಲ್ಲವೇ ತಹಸೀಲ್ದಾರ ಮೊದಲಾದವರಿಗೆ ಕೊಟ್ಟುಬಿಟ್ಟಿದ್ದರು. ಆದರೆ ಹೊಸದಾಗಿ ಮಣ್ಣೆದ್ದ ಕಡೆ ಹುಡುಕಿದರೆ ಇನ್ನೂ ಸಿಕ್ಕಾವೆಂದರು. ಅವರೆಂದಂತೆಯೇ ಹೊಲಗಳಲ್ಲಿ ಸುಮಾರು ಆರಂಗುಲ ಆಳದಲ್ಲಿ ಹೂತಿದ್ದ ಕಲ್ಲುಗಳು ದೊರೆತವು. ಸುಮಾರು ಎರಡು ಪೌಂಡು ತೂಕದ ಕಲ್ಲೊಂದು ಕಾವಲುಗಾರನ ಗುಡಿಸಿಲ ಮಾಡನ್ನು ತೂರಿ, ಗಟ್ಟಿಯಾದ ನೆಲದೊಳಕ್ಕೆ ಇಳಿದಿತ್ತು. ಹೊರಗೆ ಕರಿಯ ಸಿಪ್ಪೆ, ಒಳಗೆ ಬೂದುಬಿಳುಪು, ನಡುನಡುವೆ ಸಣ್ಣ ಗುಂಡುಗಳು: ಆ ಸೀಮೆಯ ಯಾವ ಕಲ್ಲನ್ನೂ ಇವು ಹೋಲುತ್ತಿರಲಿಲ್ಲ. ಕಂಡವರ ಮಾತು ಹೀಗೆ ನೆಲದಲ್ಲಿಯೇ ಪರೀಕ್ಷೆಗೆ ಒಳಗಾದುದು, ನನ್ನ ದೃಷ್ಟಿಯಲ್ಲಿ, ಈ ಪ್ರಕರಣದ ನಿಜವಾದ ಬೆಲೆ.

ಜಾನ್ ಲಾಯ್ಡ್ ವಿಲಿಯಮ್ಸ್ ಎಂಬಾತ ಈ ವೃತ್ತಾಂತವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಬರೆದು ತಿಳಿಸಿದನು. ಎಡ್ವರ್ಡ್ ಹೊವರ್ಡನು ಕಾಶಿಯ ಕಲ್ಲನ್ನೂ ಇಂಗ್ಲೆಂಡು, ಇಟಲಿ, ಬೊಹೀಮಿಯಾಗಳಲ್ಲಿ ಬಿದ್ದವೆನ್ನಲಾದ ಕಲ್ಲುಗಳನ್ನೂ ರಾಸಾಯನಿಕ ಪರೀಕ್ಷೆಗೆ ಒಡ್ಡಿ 1802ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಎಲ್ಲದರಲ್ಲಿಯೂ ನಿಕ್ಕಲ್ ಬೆರೆತ ಕಬ್ಬಿಣವಿತ್ತು. ಪರಸ್ಪರ ಅರಿಯದ ನಾಲ್ಕು ದೇಶಗಳ ಜನ ಒಂದೇ ಬಗೆಯ ಸುಳ್ಳನ್ನು, ಅದೂ ಒಂದೇ ಧಾತುವನ್ನು ಬೆರೆಸಿ, ಹೇಳಿಯಾರೆ? ಮರುವರ್ಷ 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೈಗ್ಲ್ ಪಟ್ಟಣದ ಸುತ್ತ ಸಾವಿರಾರು ಕಲ್ಲುಗಳು ಬಿದ್ದಾಗ, ಅಲ್ಲಿಯ ಸರಕಾರವು ಬಿಯೋ ಎಂಬ ತರುಣ ವಿಜ್ಞಾನಿಯನ್ನು ಕಳುಹಿಸಿ ಹಳ್ಳಿಗರ ಹೇಳಿಕೆಗಳನ್ನು ಊರೂರು ತಿರುಗಿ ಬರೆದುಕೊಳ್ಳುವಂತೆ ಮಾಡಿತು.