ಬೌದ್ಧಧರ್ಮ: ಕನ್ನಡನಾಡು ಮತ್ತು ಚೀನದ ಪುಣ್ಯಗಿರಿಗಳು

ಬೌದ್ಧಧರ್ಮವು ಕ್ರಿ.ಪೂ. 5ನೆಯ ಶತಮಾನದ ಸುಮಾರಿಗೆ ಗಂಗೆಯ ಬಯಲಿನಲ್ಲಿ ಶಾಕ್ಯಕುಲದ ಸಿದ್ಧಾರ್ಥ ಗೌತಮನಿಂದ ಪ್ರವರ್ತಿತವಾಗಿ, ಮೌರ್ಯರ ಕಾಲದಲ್ಲಿ ಕನ್ನಡನಾಡನ್ನೂ ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಚೀನವನ್ನೂ ಮುಟ್ಟಿದ ಧರ್ಮ. ಈ ಎರಡು ನಾಡುಗಳ ನಡುವಣ ದೂರ ಎಷ್ಟೇ ದೊಡ್ಡದಾದರೂ ಒಂದೇ ಕಥೆ, ಒಂದೇ ದೈವ, ಒಂದೇ ಗಿರಿಯ ಹೆಸರು ಎರಡು ಕಡೆಗಳಲ್ಲಿಯೂ ಬೇರೂರಿದುದು ಹೇಗೆಂಬುದನ್ನು ಪುಣ್ಯಗಿರಿಗಳ ದರ್ಶನಕ್ಕೆ ಹೊರಡುವ ಯಾತ್ರಿಕನು ತಿಳಿದಿರುವುದು ಯುಕ್ತ.

ದೃಷ್ಟಾಂತವನ್ನು ಅರಸಿ ಬಹುದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಸಿರಸಂಗಿಯು ಕಾಳಿಕಾದೇವಿಯ ಕ್ಷೇತ್ರವೆಂದು ವಿಶ್ವಕರ್ಮ ಸಮಾಜದವರಿಗೂ ವಿದ್ಯಾದಾನಿ ಲಿಂಗರಾಜ ದೇಸಾಯಿಯವರ ಸಂಸ್ಥಾನವೆಂದು ನಾಡಿಗೆಲ್ಲಕ್ಕೂ ಪರಿಚಿತವಾದ ಊರು. ಅದರ ಸ್ಥಳಪುರಾಣವಾದರೋ ಆ ನೆಲವನ್ನು ಋಷ್ಯಶೃಂಗ ಮುನಿಯ ತಪೋಭೂಮಿಯೆಂದು ವರ್ಣಿಸುತ್ತದೆ. ಹೆಣ್ಣಿನ ಮುಖವನ್ನೇ ಕಾಣದೆ ಕಾಡಿನಲ್ಲಿ ಬೆಳೆದ, ಕಾಲಿಟ್ಟ ನಾಡಿಗೆ ಮಳೆ ತರಬಲ್ಲ ಆ ಮುನಿಕುಮಾರನ ಕಥೆ ಮಳೆಯನ್ನೇ ನೆಚ್ಚಿ ಜೋಳ ಕಡಲೆಗಳನ್ನು ಬೆಳೆಯುವ ಎರೆಭೂಮಿಯ ಈ ಸೀಮೆಯಲ್ಲಿ ನೆಲೆಯೂರಿದುದು ಸಹಜವೇ ಆಗಿದೆ. ರಾಮಾಯಣ ಮಹಾಭಾರತಗಳಿಂದ ನಮಗೆ ಪರಿಚಿತನಾದ ಅವನೇ ಪಾಳಿಯ ಜಾತಕಗಳಲ್ಲಿ ಇಸಿಸಿಂಗನೆಂದೂ ‘ಮಹಾವಸ್ತು’ವಿನಲ್ಲಿ ಏಕಶೃಂಗನೆಂದೂ ಬರುತ್ತಾನೆ. ಕುಮಾರಜೀವನು 5ನೆಯ ಶತಮಾನದ ಆದಿಯಲ್ಲಿ ಚೀನೀ ಭಾಷೆಗೆ ತಂದ ಪ್ರಜ್ಞಾಪಾರಮಿತೆಯ ಮಹಾವ್ಯಾಖ್ಯಾನದಲ್ಲಿ ಇದೇ ಕಥೆ ಮತ್ತೊಂದು ತೆರನಾಗಿದೆ: ಮಳೆಯಲ್ಲಿ ಬೆಟ್ಟವೇರುತ್ತಿದ್ದ ಏಕಶೃಂಗನು ಕೆಸರಿನಲ್ಲಿ ಜಾರಿಬಿದ್ದು, ಕಾಲು ನೊಂದು, ಕಮಂಡಲು ಒಡೆದು, ಹನ್ನೆರಡು ವರ್ಷ ಮಳೆಯಾಗದಿರಲೆಂದು ಶಪಿಸುತ್ತಾನೆ, ಶಾಂತೆಯೆಂಬ ಗಣಿಕೆ ಅವನನ್ನು ಮರುಳುಗೊಳಿಸಿ ಕಾಶಿಗೆ ಕರೆತರುತ್ತಾಳೆ, ಆ ಮುನಿಯೇ ಹಿಂದಿನ ಜನ್ಮದ ಬುದ್ಧನೆಂದೂ ಆ ಶಾಂತೆಯೇ ಯಶೋಧರೆಯೆಂದೂ ಕಥೆ ಮುಗಿಯುತ್ತದೆ. ಅಲ್ಲಿಂದ ಅದು ಜಪಾನಿಗೆ ಸಾಗಿ ‘ಇಕ್ಕಾಕು ಸೆನ್ನಿನ್’ ಎಂಬ ನೋ ನಾಟಕವಾಯಿತು. ಸಿರಸಂಗಿಯ ಅಜ್ಜಿ ಮೊಮ್ಮಕ್ಕಳಿಗೆ ಹೇಳುವ ಮುನಿಯನ್ನು ಕ್ಯೋಟೋದ ರಂಗದ ಮೇಲೆ ಕಾಣಬಹುದೆಂದರೆ, ಅವನನ್ನು ಅಲ್ಲಿಗೆ ಒಯ್ದ ಧರ್ಮದ ನಡಿಗೆ ಎಂತಹದೆಂದು ಕೇಳಲೇಬೇಕಾಗುತ್ತದೆ.

ಲುಂಬಿನಿಯಲ್ಲಿ ಹುಟ್ಟಿ ಕಪಿಲವಸ್ತುವಿನಲ್ಲಿ ಬೆಳೆದ ಸಿದ್ಧಾರ್ಥನು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮನೆಯನ್ನು ತೊರೆದು, ಆರು ವರ್ಷಗಳ ಕಠಿನ ತಪಸ್ಸು ನಿಷ್ಫಲವೆಂದು ಕಂಡು ಅದನ್ನೂ ತೊರೆದು, ಗಯೆಯ ಸಮೀಪದ ಅಶ್ವತ್ಥವೃಕ್ಷದ ಕೆಳಗೆ ಬೋಧಿಯನ್ನು ಪಡೆದನು. ಕಾಶಿಯ ಬಳಿಯ ಮೃಗದಾವದಲ್ಲಿ ಐವರಿಗೆ ಮಾಡಿದ ಮೊದಲ ಉಪದೇಶದಿಂದ ಹಿಡಿದು, ಎಂಬತ್ತರ ಮುಪ್ಪಿನಲ್ಲಿ ಕುಶಿನಗರದಲ್ಲಿ ಪರಿನಿರ್ವಾಣ ಹೊಂದುವವರೆಗೆ, ಮಳೆಗಾಲದ ವಸತಿಯೊಂದನ್ನುಳಿದು, ಅವನು ನಡೆಯುತ್ತಲೇ ಇದ್ದನು.

ಅವನ ಬೋಧೆಯ ಸಾರವನ್ನು ವೈದ್ಯನ ಕ್ರಮಕ್ಕೆ ಹೋಲಿಸುವುದು ಪರಂಪರೆಯ ರೂಢಿ. ದುಃಖವುಂಟೆಂಬುದು ರೋಗದ ಗುರುತು, ತೃಷ್ಣೆಯಿಂದ ಅದು ಹುಟ್ಟುವುದೆಂಬುದು ನಿದಾನ, ತೃಷ್ಣೆ ಅಳಿದರೆ ದುಃಖವೂ ಅಳಿಯುವುದೆಂಬುದು ಆರೋಗ್ಯದ ಭರವಸೆ, ಸಮ್ಯಗ್ದೃಷ್ಟಿಯಿಂದ ಸಮ್ಯಕ್ಸಮಾಧಿಯವರೆಗಿನ ಅಷ್ಟಾಂಗಮಾರ್ಗವು ಚಿಕಿತ್ಸೆ. ಇದರ ಬೆನ್ನೆಲುಬಾಗಿ ನಿಂತಿರುವುದು ಪ್ರತೀತ್ಯಸಮುತ್ಪಾದವೆಂಬ ವಿಚಾರ: ಯಾವ ವಸ್ತುವೂ ತಾನಾಗಿ ನಿಂತುದಲ್ಲ, ಕಾರಣಗಳು ಕೂಡಿದಾಗ ಉಂಟಾಗಿ ಅವು ಸಡಿಲಿದಾಗ ಇಲ್ಲವಾಗುವುದು, ಮನುಷ್ಯನ ‘ನಾನು’ ಎಂಬುದೂ ಇದಕ್ಕೆ ಹೊರತಲ್ಲ. ಧರ್ಮವೂ ಸಹ ಹೊಳೆ ದಾಟಲು ಕಟ್ಟಿದ ತೆಪ್ಪದಂತೆ, ದಡ ಮುಟ್ಟಿದ ಮೇಲೆ ತಲೆಯ ಮೇಲೆ ಹೊತ್ತು ತಿರುಗತಕ್ಕದ್ದಲ್ಲವೆಂದು ಬುದ್ಧನು ಹೇಳಿದುದನ್ನು, ಮಲಪ್ರಭೆಯ ಮಹಾಪೂರದಲ್ಲಿ ಹರಗೋಲು ಹತ್ತಿದವರ ಮಕ್ಕಳಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ತನ್ನ ಮಾತನ್ನು ಆಯಾ ಜನರು ತಮ್ಮ ತಮ್ಮ ನುಡಿಯಲ್ಲಿಯೇ ಕಲಿಯಲೆಂದು ಅವನು ಕೊಟ್ಟ ಅನುಮತಿಯು ಮುಂದಿನ ಪ್ರಸಾರಕ್ಕೆಲ್ಲ ಬಾಗಿಲನ್ನು ತೆರೆದುದೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಅರಸರ ಆಶ್ರಯವು ಆ ಬಾಗಿಲಿನಲ್ಲಿ ಅನಂತರ ಬಂದುದು.

ಆಶ್ರಯ ಕೊಟ್ಟ ಅರಸರಲ್ಲಿ ಅಗ್ರಗಣ್ಯನಾದ ಅಶೋಕನ ಮಾತು ಕನ್ನಡನಾಡಿನ ಬಂಡೆಗಳ ಮೇಲೆ ದಟ್ಟವಾಗಿ ಉಳಿದಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು, 1915ರಲ್ಲಿ ದೊರೆತ ಮಸ್ಕಿಯ ಶಾಸನವು ‘ದೇವಾನಾಂಪ್ರಿಯ’ನೆಂಬವನು ಅಶೋಕನೇ ಎಂಬುದನ್ನು ಹೆಸರು ಹೇಳಿ ಸ್ಥಿರಪಡಿಸಿತು, ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿಯೂ ಇಂತಹವೇ ಇವೆ. ತಾಯಿತಂದೆಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು ಎಂಬ ಬ್ರಹ್ಮಗಿರಿಯ ವಿಧಿಗಳಲ್ಲಿ ತತ್ತ್ವಜಟಿಲತೆ ಎಳ್ಳಷ್ಟೂ ಇಲ್ಲ. ಭೀಮಾತೀರದ ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ ಅಗೆದು ತೆಗೆದ ಮಹಾಸ್ತೂಪದ ಶಿಲಾಫಲಕವೊಂದರ ಮೇಲೆ ಆ ಚಕ್ರವರ್ತಿಯ ರೂಪವೇ ಅವನ ಹೆಸರಿನೊಡನೆ ಕಾಣುತ್ತದೆ. ಸಿಂಹಳದ ‘ಮಹಾವಂಸ’ವು, ಪಾಟಲೀಪುತ್ರದಲ್ಲಿ ಭಿಕ್ಷುಗಳ ಸಂಗೀತಿಯೆಂಬ ಮಹಾಸಭೆ ನಡೆದ ಮೇಲೆ ರಕ್ಖಿತನೆಂಬ ಥೇರನು (ಹಿರಿಯ ಭಿಕ್ಷುವು) ವನವಾಸಕ್ಕೆ, ಎಂದರೆ ನಮ್ಮ ಬನವಾಸಿಯ ಸೀಮೆಗೆ, ಮಹಾದೇವನು ಮಹಿಷಮಂಡಲಕ್ಕೆ ಕಳುಹಿಸಲ್ಪಟ್ಟರೆಂದು ಹೇಳುತ್ತದೆ. ಆದಿಯೇ ತಿಳಿಯದ ಸಂಸಾರದ ಅಲೆದಾಟವೇ ರಕ್ಖಿತನು ಇಲ್ಲಿ ಮಾಡಿದ ಉಪದೇಶದ ವಿಷಯ.

ಬನವಾಸಿಯು ಕೇವಲ ಕೇಳಿ ಕುಳಿತ ಊರಲ್ಲ. ಪುಣೆಯ ದಾರಿಯ ಕಾರ್ಲೆಯಲ್ಲಿ ಬಂಡೆಯನ್ನು ಕೊರೆದು ಮಾಡಿದ ಮಹಾಚೈತ್ಯವನ್ನು ಪೂರ್ಣಗೊಳಿಸಿದವನು ವೈಜಯಂತಿಯ, ಎಂದರೆ ಬನವಾಸಿಯ, ಶ್ರೇಷ್ಠಿ ಭೂತಪಾಲನು. ಅದು ಜಂಬೂದ್ವೀಪದಲ್ಲಿಯೇ ಉತ್ತಮವಾದುದೆಂದು ಅಲ್ಲಿನ ಬರೆಹ ಹೆಮ್ಮೆಪಡುತ್ತದೆ, ಆ ಹೆಮ್ಮೆ ಅತಿಯಾದುದೆಂದು ಕಂಡವರಾರೂ ಹೇಳಲಾರರು. ಇದಕ್ಕಿಂತಲೂ ಮಹತ್ತ್ವದ ಸಾಕ್ಷ್ಯ ಕೃಷ್ಣಾತೀರದ ನಾಗಾರ್ಜುನಕೊಂಡದಲ್ಲಿದೆ. 3ನೆಯ ಶತಮಾನದ ಅಲ್ಲಿಯ ಶಾಸನವೊಂದು ಸಿಂಹಳದ ಥೇರರು ಪ್ರಸನ್ನಗೊಳಿಸಿದ ನಾಡುಗಳನ್ನು ಎಣಿಸುತ್ತ ಕಾಶ್ಮೀರ, ಗಾಂಧಾರ, ಚೀನಗಳನ್ನು ಹೇಳಿದ ಪಟ್ಟಿಯಲ್ಲಿಯೇ ವನವಾಸಿಯನ್ನೂ ಹೇಳುತ್ತದೆ. ಚೀನ ಮತ್ತು ಬನವಾಸಿಗಳ ಹೆಸರನ್ನು ಒಂದೇ ಕಲ್ಲಿನ ಮೇಲೆ ಒಂದೇ ಉಸಿರಿನಲ್ಲಿ ಓದುವ ಕನ್ನಡಿಗನಿಗೆ ರೋಮಾಂಚವಾಗದಿರದು.

ಚೀನಕ್ಕೆ ಧರ್ಮ ಹೊಕ್ಕ ಬಗೆಯನ್ನು ಅಲ್ಲಿನವರು ಒಂದು ಕನಸಿನಿಂದ ಆರಂಭಿಸುತ್ತಾರೆ. ಹಾನ್ ವಂಶದ ಮಿಂಗ್ ಚಕ್ರವರ್ತಿಯು ಹಾರುವ ಸ್ವರ್ಣಪುರುಷನನ್ನು ಕನಸಿನಲ್ಲಿ ಕಂಡು ಪಶ್ಚಿಮಕ್ಕೆ ದೂತರನ್ನಟ್ಟಿದನೆಂದೂ, ಅವರು ಕಾಶ್ಯಪಮಾತಂಗ, ಧರ್ಮರತ್ನರೆಂಬ ಭಾರತೀಯ ಭಿಕ್ಷುಗಳನ್ನು ಗ್ರಂಥಗಳೊಡನೆ ಕರೆತರಲು, ಲೋಯಾಂಗ್ ನಗರದಲ್ಲಿ ಶ್ವೇತಾಶ್ವ ವಿಹಾರವು ಸ್ಥಾಪಿತವಾಯಿತೆಂದೂ ಐತಿಹ್ಯ, ಕ್ರಿ.ಶ. 67 ಅದರ ರೂಢಿಯ ವರ್ಷ. ಆದರೆ ಕ್ರಿ.ಶ. 65ರಲ್ಲಿಯೇ ಚೂ ಪ್ರಾಂತದ ರಾಜಕುಮಾರನೊಬ್ಬನು ಬುದ್ಧನನ್ನು ಪೂಜಿಸುತ್ತಿದ್ದ ಉಲ್ಲೇಖ ರಾಜದಾಖಲೆಯಲ್ಲಿರುವುದರಿಂದ, ಮಧ್ಯ ಏಷ್ಯದ ರೇಷ್ಮೆಯ ದಾರಿಯ ವರ್ತಕರು ಚಕ್ರವರ್ತಿಯ ದೂತರು ಹಿಂದಿರುಗುವ ಮುಂಚೆಯೇ ಧರ್ಮವನ್ನು ತಂದಿದ್ದರೆಂದು ಊಹಿಸಬೇಕಾಗುತ್ತದೆ. 148ರಲ್ಲಿ ಲೋಯಾಂಗಿಗೆ ಬಂದ ಪಾರ್ಥಿಯದ ಆನ್ ಶಿಗಾವೋ ಮೊದಲ ಹೆಸರಾಂತ ಅನುವಾದಕನು.

ಹೊಸ ನಾಡಿನಲ್ಲಿ ಎದುರಾದ ಆಕ್ಷೇಪಗಳು ಸಾಮಾನ್ಯವಾದುವಲ್ಲ. ಹೆತ್ತವರು ಕೊಟ್ಟ ದೇಹವನ್ನು ಊನವಿಲ್ಲದಂತೆ ಕಾಪಾಡುವುದೂ ಸಂತಾನವನ್ನು ಪಡೆದು ಪಿತೃಗಳ ಪೂಜೆಯನ್ನು ಮುಂದುವರಿಸುವುದೂ ಪರಮಧರ್ಮವೆಂದು ಕನ್‌ಫ್ಯೂಷಿಯಸನ ಅನುಯಾಯಿಗಳು ಬಗೆದಿದ್ದ ದೇಶದಲ್ಲಿ, ತಲೆಬೋಳಿಸಿಕೊಂಡು ಮನೆಬಿಟ್ಟು ಹೋಗುವ ಮಗನು ದ್ರೋಹಿಯಾಗಿಯೇ ಕಂಡನು. ಬೌದ್ಧರು ಇದಕ್ಕೆ ವಾದದಿಂದ ಮಾತ್ರವಲ್ಲದೆ ಕಥೆಯಿಂದಲೂ ಉತ್ತರ ಕೊಟ್ಟರು: ಪ್ರೇತಲೋಕದಲ್ಲಿ ಹಸಿದು ನರಳುತ್ತಿದ್ದ ತಾಯಿಯನ್ನು ಸಂಘಕ್ಕೆ ಮಾಡಿದ ದಾನದ ಪುಣ್ಯದಿಂದ ಬಿಡಿಸಿದ ಮೌದ್ಗಲ್ಯಾಯನನ ಕಥೆಯು ಚೀನೀಯರ ಏಳನೆಯ ತಿಂಗಳಿನ ಪಿತೃಹಬ್ಬಕ್ಕೆ ಬೌದ್ಧ ಆಧಾರವಾಯಿತು. ನಮ್ಮ ಮಹಾಲಯ ಅಮಾವಾಸ್ಯೆಯ ಭಾವ ಅದರಲ್ಲಿದೆ. ಲೂ ಪರ್ವತದ ಹುಯಿಯುವಾನನು 404ರಲ್ಲಿ, ಭಿಕ್ಷುವು ಅರಸನಿಗೆ ಅಡ್ಡಬೀಳಬೇಕಾಗಿಲ್ಲವೆಂದು ಪ್ರಬಂಧವನ್ನೇ ಬರೆದನು. ಕೂಚಾ ನಗರದವನಾದ, 401ರಲ್ಲಿ ಛಾಂಗಾನಿಗೆ ಬಂದ ಕುಮಾರಜೀವನು ಹಿಂದಿನವರು ತಾವೋ ಮತದಿಂದ ಕಡತಂದಿದ್ದ ಮಾತುಗಳನ್ನು ತಿದ್ದಿ, ಶೂನ್ಯತೆಯ ಶಾಸ್ತ್ರವನ್ನು ಚೀನೀ ನುಡಿಯಲ್ಲಿ ಸ್ಪಷ್ಟವಾಗಿ ಮಾತಾಡಿಸಿದನು. ದಕ್ಷಿಣ ಭಾರತದವನೆಂದು ಪ್ರಸಿದ್ಧನಾದ ಬೋಧಿಧರ್ಮನಿಗೆ ಚೀನೀಯರು ತಮ್ಮ ಧ್ಯಾನಪಂಥದ ಮೂಲವನ್ನು ಒಪ್ಪಿಸುತ್ತಾರೆ. ಸಂಸ್ಕೃತದ ‘ಧ್ಯಾನ’ವೇ ಅಲ್ಲಿ ‘ಛಾನ್’, ಜಪಾನಿನಲ್ಲಿ ‘ಜೆನ್’.

ಇತ್ತಣಿಂದ ಅತ್ತ ಹೋದವರಂತೆ ಅತ್ತಣಿಂದ ಇತ್ತ ಬಂದವರೂ ಉಂಟು. 629ರಲ್ಲಿ ಛಾಂಗಾನನ್ನು ಬಿಟ್ಟು 645ರಲ್ಲಿ 657 ಗ್ರಂಥಗಳೊಡನೆ ಹಿಂದಿರುಗಿದ ಹ್ಯುಯೆನ್ ತ್ಸಾಂಗ್ ನಮ್ಮ ಚಾಲುಕ್ಯ ರಾಜ್ಯವನ್ನು ಕಣ್ಣಾರೆ ಕಂಡವನು. ಕೊಂಕಣಪುರವೆಂದು ಅವನು ಕರೆದ ನಾಡಿನಲ್ಲಿ ನೂರಕ್ಕೂ ಮಿಕ್ಕ ವಿಹಾರಗಳೂ ಸುಮಾರು ಹತ್ತು ಸಾವಿರ ಭಿಕ್ಷುಗಳೂ ಇದ್ದರು. ಮಹಾರಾಷ್ಟ್ರದ ಅರಸ ಪುಲಕೇಶಿಯ ಪ್ರಜೆಗಳು ಉಪಕಾರವನ್ನು ಮರೆಯದವರು, ಅಪಮಾನವನ್ನು ಸಹಿಸದವರು, ಹರ್ಷವರ್ಧನನಿಗೂ ಮಣಿಯದವರು. ಈ ಕಡೆಯ ಮಾತನ್ನು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯೂ ಹೇಳುತ್ತಾನೆ. ಜೈನಕವಿಯೊಬ್ಬನ ಪ್ರಶಸ್ತಿಯನ್ನು ಚೀನದ ಬೌದ್ಧಭಿಕ್ಷುವೊಬ್ಬನು ಅರಿಯದೆಯೇ ಸಮರ್ಥಿಸಿರುವುದು ನಮ್ಮ ಚರಿತ್ರೆಯ ಭಾಗ್ಯ. ಆ ಶಾಸನವಿರುವ ಮೇಗುತಿ ಗುಡ್ಡದ ನಡುಮೈಯಲ್ಲಿ ಎರಡು ನೆಲೆಯ ಬೌದ್ಧ ಚೈತ್ಯವೊಂದಿದೆ. ಅದರ ಮೇಲ್ನೆಲೆಯ ಛಾವಣಿಯಲ್ಲಿ ಬುದ್ಧನು ಕುಳಿತಿದ್ದಾನೆ. ಸವದತ್ತಿ, ರಾಮದುರ್ಗಗಳನ್ನು ಬಳಸಿ ಹರಿಯುವ ಮಲಪ್ರಭೆಯ ಜಾಡನ್ನೇ ಹಿಡಿದು ನಡೆದರೆ ಅಲ್ಲಿಗೆ ಮುಟ್ಟಬಹುದು. ಮುಂದೆ, ಬಾದಾಮಿಯಲ್ಲಿ ವಿನಯಾದಿತ್ಯನು ಆಳುತ್ತಿದ್ದಾಗ, ದಕ್ಷಿಣ ಭಾರತದ ಬೋಧಿರುಚಿ ಎಂಬ ಪಂಡಿತನು 693ರಲ್ಲಿ ಚೀನಕ್ಕೆ ಹೋಗಿ, 713ರಲ್ಲಿ ಮಹಾರತ್ನಕೂಟದ ಅನುವಾದವನ್ನು ಮುಗಿಸಿ, 727ರಲ್ಲಿ ಅಲ್ಲಿಯೇ ತೀರಿಕೊಂಡನು.

ಬೌದ್ಧಧರ್ಮ ಬರುವುದಕ್ಕೆ ಬಹುಪೂರ್ವದಲ್ಲಿಯೇ ಚೀನೀಯರಿಗೆ ಪರ್ವತಗಳು ಪೂಜ್ಯವಾಗಿದ್ದುವು. ತೈಶಾನ್ ಮೊದಲಾದ ಪಂಚಗಿರಿಗಳಿಗೆ ಚಕ್ರವರ್ತಿಗಳೇ ಬಲಿಯನ್ನರ್ಪಿಸುತ್ತಿದ್ದರು. ಬೌದ್ಧರು ಹೊಸ ಗಿರಿಗಳಲ್ಲಿ ಬುದ್ಧತ್ವದ ಹಾದಿಯಲ್ಲಿರುವ ಬೋಧಿಸತ್ತ್ವರನ್ನು ನೆಲೆಗೊಳಿಸಿದರು. ಶಾನ್‌ಸಿ ಪ್ರಾಂತದ ಐದು ಶಿಖರಗಳ ವೂತಾಯ್ ಪ್ರಜ್ಞೆಯ ಅಧಿದೇವತೆಯಾದ ಮಂಜುಶ್ರೀಯದು. 3,061 ಮೀಟರ್ ಎತ್ತರದ ಆ ಗಿರಿಯ ಸೀಮೆಯಲ್ಲಿ 857ರಲ್ಲಿ ಕಟ್ಟಿದ ಮರದ ದೇಗುಲವೊಂದು ಇಂದಿಗೂ ನಿಂತಿದೆ. ಸಿಚುವಾನಿನ ಎಮೇಯ್ ಸಮಂತಭದ್ರನದು. ಆರು ದಂತಗಳ ಆನೆಯ ಮೇಲೆ ಕುಳಿತ ಅವನ ಎರಕದ ವಿಗ್ರಹ 980ರದು. ಆನ್‌ಹುಯಿಯ ಚ್ಯೂಹುವಾ ನರಕದ ಜೀವಿಗಳನ್ನೂ ಕೈಬಿಡದ ಕ್ಷಿತಿಗರ್ಭನದು. ನಾಲ್ಕನೆಯದಾದ ಪೂತೋ, ಚೆಚಿಯಾಂಗ್ ಕಡಲ ನಡುವಣ ದ್ವೀಪ, ಅವಲೋಕಿತೇಶ್ವರನದು. ಗಿರಿಯಾತ್ರೆಗೆ ಅವರು ಇಟ್ಟ ಹೆಸರಿಗೆ ಗಿರಿಯ ಸನ್ನಿಧಿಗೆ ಹೋಗಿ ಕೈಮುಗಿಯುವುದೆಂದು ಅರ್ಥ. ಮೂರು ಹೆಜ್ಜೆಗೊಮ್ಮೆ ನೆಲಕ್ಕೆ ಹಣೆ ಮುಟ್ಟಿಸುತ್ತ ಏರುವವರನ್ನು ಕಂಡರೆ, ಎಲ್ಲಮ್ಮನ ಗುಡ್ಡದಲ್ಲಿ ದೀಡ ನಮಸ್ಕಾರ ಹಾಕುವವರ ನೆನಪಾಗದೆ ಇರದು.

ಪೂತೋ ಎಂಬುದು ‘ಪೋತಲಕ’ದ ಚೀನೀ ರೂಪ, ಆ ಪೋತಲಕವಾದರೋ ದಕ್ಷಿಣ ಭಾರತದ ಗಿರಿ. ಅದು ಮಲಯಪರ್ವತದ ಪೂರ್ವಕ್ಕಿದೆಯೆಂದೂ, ಅದರ ನೆತ್ತಿಯಲ್ಲಿ ಸರೋವರವಿದೆಯೆಂದೂ, ತಪ್ಪಲಿನಲ್ಲಿ ನಿಂತು ಪ್ರಾರ್ಥಿಸುವವರಿಗೆ ಅವಲೋಕಿತೇಶ್ವರನು ಒಮ್ಮೊಮ್ಮೆ ಮಹೇಶ್ವರನಾಗಿ, ಒಮ್ಮೊಮ್ಮೆ ಭಸ್ಮಧಾರಿಯಾದ ಪಾಶುಪತನಾಗಿ ಕಾಣಿಸಿಕೊಳ್ಳುವನೆಂದೂ ಹ್ಯುಯೆನ್ ತ್ಸಾಂಗ್ ಬರೆದಿದ್ದಾನೆ. ಇದನ್ನು ಬರಿಯ ಪವಾಡವೆಂದು ಬದಿಗಿಡುವ ಮೊದಲು ಮಂಗಳೂರಿನ ಕದ್ರಿಯ ಗುಡ್ಡವನ್ನು ನೋಡಬೇಕು. ಅಲ್ಲಿನ ವಿಹಾರದಲ್ಲಿ ಆಳುಪ ದೊರೆ ಕುಂದವರ್ಮನು 968ರಲ್ಲಿ ಪ್ರತಿಷ್ಠಿಸಿದ ಮೂರು ಮುಖ ಆರು ಕೈಗಳ ಲೋಕೇಶ್ವರನ, ಎಂದರೆ ಅದೇ ಅವಲೋಕಿತೇಶ್ವರನ, ಕಂಚಿನ ಮೂರ್ತಿಯು ಇಂದು ಮಂಜುನಾಥನ ಶಿವಾಲಯದಲ್ಲಿ ಪೂಜೆಗೊಳ್ಳುತ್ತಿದೆ. ಪ್ರತಿಷ್ಠಿಸಿದ ದೊರೆಯೂ ಶಿವಭಕ್ತನೇ. ಚೀನೀ ಯಾತ್ರಿಕನು ಕೇಳಿ ಬರೆದುದನ್ನು ಕನ್ನಡ ಕರಾವಳಿ ಮೂರು ಶತಮಾನಗಳ ಮೇಲೆ ಕಂಚಿನಲ್ಲಿ ಮಾಡಿ ತೋರಿಸಿತು. ಚೀನದಲ್ಲಿ ಅದೇ ಅವಲೋಕಿತೇಶ್ವರನು ಕಾಲಕ್ರಮದಲ್ಲಿ ಕ್ವಾನ್‌ಯಿನ್ ಎಂಬ ತಾಯಿಯಾದನು.

ತಾಯಿಯ ರೂಪ ನಮ್ಮಲ್ಲಿಯೂ ಇತ್ತು. 1065ರಲ್ಲಿ ಬಳ್ಳಿಗಾವೆಯಲ್ಲಿ ತಾರಾಭಗವತಿಗೆ ವಿಹಾರವಾಯಿತು. ಗದಗ ಜಿಲ್ಲೆಯ ಡಂಬಳದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ವಿಹಾರಕ್ಕೂ ಆರ್ಯತಾರೆಯ ವಿಹಾರಕ್ಕೂ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ 1095ರ ಶಾಸನದಂತೆ ದತ್ತಿ ಸಂದಿತು. ಸಿಂಹ, ಬೆಂಕಿ, ಆನೆ, ಹಾವು, ಕಳ್ಳರು, ಸಂಕೋಲೆ, ಕಡಲು, ಪಿಶಾಚಿ ಎಂಬ ಎಂಟು ಭಯಗಳಿಂದ ಅವಳು ಕಾಯುವಳೆಂಬ ಅದರ ಸ್ತುತಿಯಲ್ಲಿ, ದೂರದ ದಾರಿ ನಡೆದ ವ್ಯಾಪಾರಿಗಳ ಎದೆಬಡಿತವನ್ನೇ ಕೇಳಬಹುದು. ಜೈನ, ಶೈವ, ವೀರಶೈವ ಮತಗಳ ಪ್ರಾಬಲ್ಯದ ನಡುವೆ ಈ ವಿಹಾರಗಳು ಅನಂತರ ಬರಿದಾದುವು. ಚೀನದಲ್ಲಿ 845ರ ರಾಜಾಜ್ಞೆಯೊಂದರಿಂದ 4,600ಕ್ಕೂ ಮಿಕ್ಕ ವಿಹಾರಗಳು ಕೆಡವಲ್ಪಟ್ಟು, 2,60,500 ಭಿಕ್ಷು ಭಿಕ್ಷುಣಿಯರು ಗೃಹಸ್ಥರಾಗಬೇಕಾಯಿತು. ಆದರೂ ಗಿರಿಗಳ ಯಾತ್ರೆ ನಿಲ್ಲಲಿಲ್ಲ.

ದಕ್ಷಿಣದ ಪೋತಲಕದ ಹೆಸರು ಟಿಬೆಟ್ಟಿಗೂ ಹೋಯಿತು. ಅವಲೋಕಿತೇಶ್ವರನ ಅವತಾರವೆಂದು ನಂಬಲಾದ ದಲೈ ಲಾಮಾರಿಗಾಗಿ ಲ್ಹಾಸಾದಲ್ಲಿ 1645ರಲ್ಲಿ ಆರಂಭವಾದ ಅರಮನೆಯ ಹೆಸರು ಪೋತಲಾ. ಆ ಪೋತಲಾವನ್ನು ಬಿಟ್ಟು ಹದಿನಾಲ್ಕನೆಯ ದಲೈ ಲಾಮಾ 1959ರಲ್ಲಿ ಭಾರತಕ್ಕೆ ಬಂದ ಮೇಲೆ, ಮೈಸೂರು ಸೀಮೆಯ ಬೈಲುಕುಪ್ಪೆಯಲ್ಲಿಯೂ 1966ರಲ್ಲಿ ಉತ್ತರ ಕನ್ನಡದ ಮುಂಡಗೋಡದಲ್ಲಿಯೂ ಟಿಬೆಟನ್ನರಿಗೆ ನೆಲೆ ದೊರೆಯಿತು. ಡ್ರೆಪುಂಗ್, ಗಾಂದೆನ್ ಎಂಬ ಪ್ರಾಚೀನ ಮಹಾವಿಹಾರಗಳು ಮುಂಡಗೋಡದಲ್ಲಿ ಪುನಃ ಸ್ಥಾಪಿತವಾದುವು. ರಕ್ಖಿತನು ಉಪದೇಶಿಸಿದ ಬನವಾಸಿ ಅದೇ ಜಿಲ್ಲೆಯಲ್ಲಿದೆ. ವೂತಾಯ್, ಪೂತೋಗಳಿಗೆ ಹೊರಡುವವರು ಮೊದಲು ಬನವಾಸಿ, ಮುಂಡಗೋಡಗಳನ್ನೂ ಐಹೊಳೆಯ ಮೇಗುತಿ ಗುಡ್ಡವನ್ನೂ ನೋಡಿಕೊಂಡು ಹೋಗಬೇಕು. ಸಿರಸಂಗಿಯಿಂದ ಐಹೊಳೆಗೆ ಹೊಳೆಯ ಜಾಡಿನಲ್ಲಿಯೂ ಮುಂಡಗೋಡಕ್ಕೆ ಹುಬ್ಬಳ್ಳಿಯ ಮೇಲಿಂದಲೂ ಹಗಲೊಂದರಲ್ಲಿ ಹೋಗಿ ಮುಟ್ಟಬಹುದು.